ಬಣ್ಣದ ಪೆನ್ಸಿಲ್ಲೂ ಬದಲಾಗುವ ಬಾನೂ

ರಜೆಯ ದಿನಗಳಲ್ಲಿ ಮಕ್ಕಳು ಪುಸ್ತಕದ ಚಿತ್ರಗಳನ್ನು ನೋಡಿ ಬರೆಯುವುದುಂಟು. ಅದರಿಂದ ಕೈ ಪಳಗುತ್ತದೆ. ಕಣ್ಣು ಪಳಗಬೇಕಾದರೆ ಬಯಲಿಗೇ ಹೋಗಬೇಕು. ಬಣ್ಣದ ಪೆನ್ಸಿಲ್ಲುಗಳ ಒಂದು ಪೆಟ್ಟಿಗೆ, ಒಂದು ರಟ್ಟು, ತುಸು ಒರಟಾದ ಹಾಳೆ ಇಷ್ಟಿದ್ದರೆ ಸಾಕು. ಕುಂಚ, ನೀರು ಬೇಡವಾದುದರಿಂದ ಹನಿ ಬಿದ್ದೊಡನೆ ಎಲ್ಲವನ್ನೂ ಚೀಲಕ್ಕೆ ಸೇರಿಸಿ ಎದ್ದು ಬರಬಹುದು.

ನಮ್ಮ ಸೀಮೆಯಲ್ಲಿ ವಸ್ತುವಿಗೆ ಬರವಿಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯವು ಪಶ್ಚಿಮಾಭಿಮುಖವಾಗಿದೆ. ಆದುದರಿಂದ ಅದರ ಮುಂಭಾಗವನ್ನು ಬರೆಯಲು ಇಳಿಹೊತ್ತೇ ಲೇಸು; ಓರೆಬಿಸಿಲಿನಲ್ಲಿ ಕೆತ್ತನೆಗಳು ಬಿಡಿಬಿಡಿಯಾಗಿ ತೋರುತ್ತವೆ. ರಾಣೇಬೆನ್ನೂರಿನ ಬಳಿ 1974ರಲ್ಲಿ ಸ್ಥಾಪಿತವಾದ ಕೃಷ್ಣಮೃಗ ಅಭಯಾರಣ್ಯವಿದೆ. ಕೃಷ್ಣಮೃಗದ ಹೊಟ್ಟೆಯ ಬಿಳುಪಿಗಾಗಿ ಹಾಳೆಯನ್ನೇ ಖಾಲಿ ಬಿಡಬೇಕು. ಗಾಢವರ್ಣದ ಮೇಲೆ ಬಿಳಿಯ ಪೆನ್ಸಿಲ್ ಚೆನ್ನಾಗಿ ಹತ್ತುವುದಿಲ್ಲ. ತಿಳಿಬಣ್ಣ ಮೊದಲು, ಗಾಢಬಣ್ಣ ಅನಂತರ ಎಂಬುದೇ ಕ್ರಮ.

ಹವೆಯ ಗುಣವನ್ನೂ ಅರಿತಿರಬೇಕು. ಆಷಾಢದ ತಂಪಿಗೆ ಹಾಳೆ ತೇವವನ್ನು ಹೀರಿ ಮೆತ್ತಗಾಗುತ್ತದೆ; ಚೂಪಾದ ಮೊನೆ ಅದನ್ನು ಗೀರುತ್ತದೆ. ಚೈತ್ರದ ಬಿಸಿಲಿಗೆ ಪೆನ್ಸಿಲ್ಲಿನೊಳಗಿನ ಮೇಣ ಮೃದುವಾಗಿ ಬಣ್ಣ ದಪ್ಪನಾಗಿ ಮೆತ್ತುತ್ತದೆ, ಪೆಟ್ಟಿಗೆಯನ್ನು ನೆರಳಿನಲ್ಲಿಡಬೇಕು. ಮೋಡಗಳು ಓಡುವಾಗ ನೆರಳು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದ್ದರಿಂದ ಮೊದಲೇ ನೆರಳಿನ ಅಂಚನ್ನು ಗುರುತಿಸಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಬೇಕು.

ಬ್ಯಾಡಗಿಯ ಕಡೆ ಕಣದಲ್ಲಿ ಮೆಣಸಿನಕಾಯಿ ಒಣಗುವುದನ್ನು ಬರೆಯುವುದು ಕಠಿಣವಾದ ಪಾಠ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಒಂದೇ ಕೆಂಪಿನಿಂದ ಅದು ಸಾಧಿಸದು. ಹಳದಿ, ಕಿತ್ತಳೆ, ಅವುಗಳ ಮೇಲೆ ಕೆಂಪು, ಸುಕ್ಕುಗಳಲ್ಲಿ ಕಂದು ಹೀಗೆ ಪದರಪದರವಾಗಿ ಹಚ್ಚಬೇಕು.

ಆದರೆ ಬರೆಯುತ್ತಿರುವಾಗಲೇ ಪಡುವಣದಲ್ಲಿ ಮೋಡ ಕವಿದರೆ? ಚಿತ್ರಕ್ಕೆ ಅದೊಂದು ಸೊಗಸು, ಒಕ್ಕಲಿಗನಿಗೆ ಎದೆಬಡಿತ. ನೆನೆದ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಬಣ್ಣದೊಡನೆ ಬೆಲೆಯೂ ಇಳಿಯುತ್ತದೆ. ಮನೆಯವರ ವರ್ಷದ ದುಡಿಮೆಯೆಲ್ಲ ಆ ಕಣದಲ್ಲಿರುತ್ತದೆ. ಆಗ ಮಗು ಪೆನ್ಸಿಲ್ ಕೆಳಗಿಟ್ಟು ತಾಡಪತ್ರಿಯ ಒಂದು ತುದಿ ಹಿಡಿಯಲಿ. ನೋಡುವ ಕಣ್ಣಿಗೆ ನೆರವಾಗುವ ಕೈಯೂ ಜೊತೆಯಾಗಬೇಕು.

ತಾಯಂದಿರೇ, ಆ ಅರೆಬರೆ ಚಿತ್ರವನ್ನು ಹರಿದೆಸೆಯಬೇಡಿರಿ. ಅದರ ಹಿಂಬದಿಯಲ್ಲಿ ದಿನ, ಹೊತ್ತು, ಮಳೆ ಬಂದ ಸಂಗತಿ ಇವನ್ನು ಮಗುವಿನ ಕೈಯಿಂದಲೇ ಬರೆಯಿಸಿ ತೆಗೆದಿರಿಸಿರಿ.