ಜೀರ್ಣೋದ್ಧಾರವೂ ಇತಿಹಾಸಸತ್ಯವೂ: ಹಳೆಯ ಜೆಟ್ ಯುದ್ಧವಿಮಾನಗಳ ವಿಚಾರ

ಜೀರ್ಣವಾದುದನ್ನು ಉದ್ಧರಿಸುವುದು ಪುಣ್ಯಕಾರ್ಯವೆಂದು ನಮ್ಮ ಹಿರಿಯರು ಎಣಿಸಿದ್ದರು. ಕೆರೆಕಟ್ಟೆ, ದೇಗುಲ, ಮಂಟಪಗಳ ಜೀರ್ಣೋದ್ಧಾರವನ್ನು ಸಾರುವ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ಆದರೆ ಉದ್ಧಾರದ ಹೆಸರಿನಲ್ಲಿ ಆಗಿರುವ ಹಾನಿಯೂ ಅಲ್ಪವಲ್ಲ. ಶ್ರದ್ಧೆಯಿಂದಲೇ ಬಳಿದ ಸುಣ್ಣದ ಪದರಗಳಡಿಯಲ್ಲಿ ಎಷ್ಟು ಶಾಸನಾಕ್ಷರಗಳು ಹೂತುಹೋದುವು, ಕಂಬಗಳನ್ನು ಯಂತ್ರದಿಂದ ಉಜ್ಜಿ ಹೊಳಪೇರಿಸಿದಾಗ ಎಷ್ಟು ಉಳಿಯ ಗುರುತುಗಳು ಅಳಿದುವು ಎಂಬುದನ್ನು ಶಾಸನಾಭ್ಯಾಸಿಗಳು ಬಲ್ಲರು. ಕಲ್ಲಿಗೆ ಒದಗಿದ ಈ ಆಪತ್ತು ಈಗ ಲೋಹಕ್ಕೂ ಒದಗಿದೆ.

ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿಯೂ ಅದರ ಅನಂತರದ ದಶಕಗಳಲ್ಲಿಯೂ ನಿರ್ಮಾಣಗೊಂಡ ಜೆಟ್ ಯುದ್ಧವಿಮಾನಗಳನ್ನು ದುರಸ್ತಿಗೊಳಿಸಿ ಮತ್ತೆ ಆಕಾಶಕ್ಕೇರಿಸುವ ಹವ್ಯಾಸವು ಯೂರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಅವುಗಳ ಹಾರಾಟವನ್ನು ಕಾಣಲು ಸಹಸ್ರಾರು ಜನ ನೆರೆಯುತ್ತಾರೆ. ಇದು ಶ್ಲಾಘ್ಯವೇ. ಆದರೆ ಹಾರುತ್ತಿರುವ ವಸ್ತುವು ತಾನು ಯಾವುದೆಂದು ಹೇಳಿಕೊಳ್ಳುತ್ತಿದೆಯೋ ನಿಜವಾಗಿ ಅದೇ ಆಗಿದೆಯೆ ಎಂಬ ಪ್ರಶ್ನೆಯನ್ನು ಆ ಭೋರ್ಗರೆತದ ನಡುವೆ ಕೇಳುವವರು ವಿರಳ.

ಜರ್ಮನಿಯ ಮೆಸರ್‌ಶ್ಮಿಟ್ 262 ಎಂಬ ವಿಮಾನವನ್ನೇ ನೋಡಬಹುದು. ಯುದ್ಧದಲ್ಲಿ ಬಳಕೆಗೆ ಬಂದ ಜೆಟ್ ಕಾದಾಳಿ ವಿಮಾನಗಳಲ್ಲಿ ಇದೇ ಮೊದಲನೆಯದು. ಜೆಟ್ ಎಂಜಿನುಗಳ ಬಲದಿಂದಲೇ ಇದು ಮೊದಲು ಮೇಲೇರಿದುದು 1942ರ ಜುಲೈ 18ರಂದು. ನಿಕ್ಕಲ್, ಕ್ರೋಮಿಯಂ ಮುಂತಾದ ಲೋಹಗಳ ಅಭಾವದಿಂದಾಗಿ ಇದರ ಯೂಮೋ 004 ಎಂಜಿನಿನ ಆಯುಸ್ಸು ಹೆಚ್ಚೆಂದರೆ ಇಪ್ಪತ್ತೈದು ಗಂಟೆಗಳ ಸುತ್ತಮುತ್ತ. ವೈಮಾನಿಕನು ಎಂಜಿನಿನ ಸನ್ನೆಯನ್ನು ಸ್ವಲ್ಪ ಅವಸರದಿಂದ ಮುಂದೆ ತಳ್ಳಿದರೂ ಜ್ವಾಲೆ ನಂದಬಹುದಾಗಿತ್ತು, ಇಲ್ಲವೆ ಬೆಂಕಿ ಹೊತ್ತಬಹುದಾಗಿತ್ತು. ಸೋಲುತ್ತಿದ್ದ ರಾಷ್ಟ್ರವೊಂದರ ಕೈಬಿಗುಪು, ಆತುರ, ಯಂತ್ರಕೌಶಲ, ಇವೆಲ್ಲವೂ ಆ ಅಲ್ಪಾಯುಷಿ ಎಂಜಿನಿನಲ್ಲಿ ಅಚ್ಚೊತ್ತಿವೆ.

ಈಗ ಹಾರುವ ಮೆಸರ್‌ಶ್ಮಿಟ್ 262 ಬೇರೆಯದು. ಅಮೆರಿಕದಲ್ಲಿ ಮೂಲವಿಮಾನದ ಅಳತೆಗಳನ್ನನುಸರಿಸಿ ಹೊಸದಾಗಿ ಕಟ್ಟಿದ ಈ ಪ್ರತಿಕೃತಿಗಳಲ್ಲಿ ಮೊದಲನೆಯದು 2002ರ ಡಿಸೆಂಬರಿನಲ್ಲಿ ಹಾರಿತು. ಹೊರಗೆ ಯೂಮೋ ಎಂಜಿನಿನ ಆಕಾರದ ಕವಚ. ಒಳಗೆ ಹಗುರವೂ ಬಲಿಷ್ಠವೂ ಆದ ಜನರಲ್ ಎಲೆಕ್ಟ್ರಿಕ್ ಎಂಜಿನು. ಚಕ್ರಸಾಧನಗಳನ್ನೂ ತಡೆಗಳನ್ನೂ ಬಲಪಡಿಸಲಾಗಿದೆ. ಮೆಸರ್‌ಶ್ಮಿಟ್ ಪ್ರತಿಷ್ಠಾನದ ಒಪ್ಪಿಗೆಯಿಂದ ಹಳೆಯ ಕಾರ್ಖಾನೆಯ ಕ್ರಮಸಂಖ್ಯೆಗಳ ಮುಂದುವರಿಕೆಯನ್ನೇ ಇವುಗಳಿಗೆ ನೀಡಲಾಯಿತು. ನಿರ್ಮಾಪಕರು ಎಂಜಿನಿನ ಬದಲಾವಣೆಯನ್ನು ಎಂದೂ ಮರೆಮಾಚಲಿಲ್ಲವೆಂಬುದನ್ನು ಒಪ್ಪಬೇಕು. ಆದರೂ ಕೆಳಗೆ ನಿಂತ ಬಾಲಕನ ಮನಸ್ಸಿನಲ್ಲಿ ಉಳಿಯುವುದು ಯಾವುದು? ನಿರಾಯಾಸವಾಗಿ, ನಿರ್ಭಯವಾಗಿ ಹಾರಿದ ಒಂದು ಸುಂದರ ವಿಮಾನ. ಮೂಲದ ವೈಮಾನಿಕನ ಅಂಗೈಯಲ್ಲಿದ್ದ ಅಳುಕು ಅಲ್ಲಿ ಎಳ್ಳಷ್ಟೂ ಇಲ್ಲ.

ಓಲೆಗರಿಗಳ ಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಈ ಸಂಕಟ ಹೊಸದಲ್ಲ. ಲಿಪಿಕಾರರಲ್ಲಿ ಎರಡು ಬಗೆ. ಮೂಢ ಲಿಪಿಕಾರನು ತಪ್ಪನ್ನು ತಪ್ಪಾಗಿಯೇ ನಕಲು ಮಾಡುತ್ತಾನೆ. ಅದರಿಂದ ಕವಿಯ ಪಾಠವನ್ನು ಹೇಗೋ ಊಹಿಸಬಹುದು. ಅಪಾಯಕಾರಿಯಾದವನು ವಿದ್ವಾಂಸನಾದ ಲಿಪಿಕಾರ. ಅವನು ಛಂದಸ್ಸು ಎಡವಿದ ಕಡೆ ತಿದ್ದುತ್ತಾನೆ, ಅರ್ಥ ಕ್ಲಿಷ್ಟವಾದ ಕಡೆ ಸುಲಭಪದವನ್ನಿಡುತ್ತಾನೆ. ಪದ್ಯ ನಯವಾಗುತ್ತದೆ, ಕವಿ ಕಾಣೆಯಾಗುತ್ತಾನೆ. ವಿಮಾನದ ದುರಸ್ತಿಕಾರನೂ ಬಹುಮಟ್ಟಿಗೆ ಈ ಎರಡನೆಯ ಬಗೆಯವನು. ಅವನ ಕೌಶಲವೇ ಅವನ ದೋಷ. ಮೂಲದ ಕುಂದನ್ನು ನಿವಾರಿಸುವಾಗ ಆ ಕುಂದೇ ಇತಿಹಾಸದ ಸಾಕ್ಷಿಯಾಗಿತ್ತೆಂಬುದನ್ನು ಅವನು ಮರೆಯುತ್ತಾನೆ.

ಬಣ್ಣದ ವಿಷಯದಲ್ಲಂತೂ ಪ್ರಕ್ಷಿಪ್ತಗಳಿಗೆ ಮಿತಿಯೇ ಇಲ್ಲ. ಸ್ವಿಟ್ಜರ್ಲೆಂಡಿನ ವಾಯುದಳವು ತನ್ನ ವ್ಯಾಂಪೈರ್ ವಿಮಾನಗಳನ್ನು 1990ರಲ್ಲಿ ನಿವೃತ್ತಿಗೊಳಿಸಿತು. ಮಾರಾಟವಾದ ಅವುಗಳಲ್ಲಿ ಹಲವು, ತಾವೆಂದೂ ಸೇರದಿದ್ದ ಅನ್ಯದೇಶದ ದಳಗಳ ಲಾಂಛನ ಧರಿಸಿ ಹಾರಿದುವು. ಕೆನಡಾದಲ್ಲಿ ತಯಾರಾಗಿ ರೋಲ್ಸ್‌ರಾಯ್ಸ್ ನೀನ್ ಎಂಜಿನನ್ನು ಹೊತ್ತ ತರಬೇತಿ ಜೆಟ್ಟುಗಳು, ಆಲಿಸನ್ ಎಂಜಿನಿನ ಅಮೆರಿಕನ್ ಟಿ-33ರ ವೇಷದಲ್ಲಿ ಮೆರೆಯುತ್ತವೆ. (ನಮ್ಮಲ್ಲಿಯೂ ಇದಕ್ಕೆ ಸಮೀಪದ ಉದಾಹರಣೆಯೊಂದಿದೆ, ಜೆಟ್ಟಲ್ಲವಾದರೂ ಹೇಳದಿರಲಾಗದು. 2018ರಲ್ಲಿ ಭಾರತೀಯ ವಾಯುಪಡೆಗೆ ಸೇರಿದ ‘ಪರಶುರಾಮ’ ಡಕೋಟವು ಹೊತ್ತಿರುವ ವಿಪಿ 905 ಎಂಬ ಸಂಖ್ಯೆ, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಕೊಂಡೊಯ್ದ ಇನ್ನೊಂದು ಡಕೋಟದ ಸಂಖ್ಯೆ. ಇದು ಗೌರವಾರ್ಥವೆಂದು ಆಗಲೇ ಬಹಿರಂಗವಾಗಿ ತಿಳಿಸಿದರು. ಆದರೆ ಮೊಮ್ಮಕ್ಕಳ ಕಾಲಕ್ಕೆ ಆ ತಿಳಿವಳಿಕೆ ಅಳಿದು ಸಂಖ್ಯೆಯೊಂದೇ ಉಳಿದರೆ ಏನು ಗತಿ?)

ಹಾರಿಸುವವರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ಹೇಳುವಂತಿಲ್ಲ. ಹಾಡಲಾಗದ ರಾಗವು ಗ್ರಂಥದಲ್ಲಿದ್ದು ಏನು ಫಲ ಎಂಬುದು ಅವರ ವಾದ. ಬ್ರಿಟನ್ನಿನ ಎಕ್ಸ್‌ಎಚ್ 558 ಎಂಬ ವಲ್ಕನ್ ಬಾಂಬರು 2007ರಿಂದ 2015ರವರೆಗೆ ಹಾರಿದಾಗ ಅದರ ಒಲಿಂಪಸ್ ಎಂಜಿನುಗಳ ಗರ್ಜನೆಯನ್ನು ಕೇಳಿದವರಿಗೆ ಯಾವ ವಸ್ತುಸಂಗ್ರಹಾಲಯವೂ ಕೊಡಲಾರದ ಅನುಭವ ದೊರೆಯಿತು. ಅದು 1960ರಲ್ಲಿ ಬಾಂಬರಾಗಿ ಸೇವೆಗೆ ಸೇರಿತು; ಮುಂದೆ ಸಮುದ್ರ ಪರಿವೀಕ್ಷಣೆಗೆ ತೊಡಗಿತು; ಫಾಕ್ಲೆಂಡ್ ಯುದ್ಧದ ವರ್ಷ ಇಂಧನ ಹೊರುವ ವಿಮಾನವಾಗಿ ಮಾರ್ಪಟ್ಟಿತು. ಇವುಗಳಲ್ಲಿ ಯಾವುದು ಅದರ ನಿಜರೂಪ? ಒಂದು ಪಾಠವನ್ನು ಆರಿಸದೆ ಗತಿಯಿಲ್ಲ. ಆರಿಸಿದ ಬಳಿಕ ಉಳಿದ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಸಂಪಾದಕನ ಧರ್ಮ. ಹಾರಾಟಕ್ಕೆ ತೆರುವ ಬೆಲೆಯನ್ನೂ ಮರೆಯಲಾಗದು. 2012ರ ಮೇ ತಿಂಗಳಲ್ಲಿ, ತೇವ ಹೀರಲೆಂದು ಇರಿಸಿದ್ದ ಪುಟ್ಟ ಚೀಲಗಳು ಒಳಸೇರಿ ಅದೇ ವಲ್ಕನ್ನಿನ ಎರಡು ಎಂಜಿನುಗಳು ಹಾಳಾದುವು. ಅಂಥ ಎಂಜಿನುಗಳನ್ನು ಇನ್ನು ಯಾರೂ ತಯಾರಿಸುವುದಿಲ್ಲ.

ಪ್ರಾಣರಕ್ಷಣೆಯ ಮಾತು ಬಂದಾಗ ಮಾತ್ರ ಇತಿಹಾಸನಿಷ್ಠೆ ಹಿಂದೆ ಸರಿಯಲೇಬೇಕು. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಳೆಯ ಹಾಕರ್ ಹಂಟರ್ ಜೆಟ್ಟೊಂದು ಪ್ರದರ್ಶನದ ನಡುವೆ ಹೆದ್ದಾರಿಯ ಮೇಲೆ ಬಿದ್ದು ಹನ್ನೊಂದು ಮಂದಿ ಅಸುನೀಗಿದರು. ಆಮೇಲೆ ಆ ದೇಶದಲ್ಲಿ ಹಳೆಯ ಜೆಟ್ಟುಗಳು ನೆಲದ ಮೇಲೆ ಲಾಗ ಹಾಕುವುದಕ್ಕೆ ಕಟ್ಟುಪಾಡು ಬಂತು. ಹೊಸ ರೇಡಿಯೊ, ಹೊಸ ತಡೆ, ಹೊಸ ತಂತಿಗಳನ್ನು ಆಕ್ಷೇಪಿಸುವವನು ಮೂರ್ಖನೇ ಸರಿ. ಬದಲಾಯಿಸಿದುದನ್ನು ಬದಲಾಯಿಸಿದೆವೆಂದು ವಿಮಾನದ ಪಕ್ಕದಲ್ಲಿಯೇ ಬರೆದಿಡಬೇಕೆಂಬುದಷ್ಟೇ ಬೇಡಿಕೆ. ಒಂದೆರಡೇ ಉಳಿದಿರುವ ವಿಮಾನವನ್ನಂತೂ ಹಾರಿಸುವ ಆಸೆಯನ್ನೇ ತೊರೆಯುವುದು ಲೇಸು.

ಈ ವಿಚಾರ ಬೆಂಗಳೂರಿಗೂ ನೇರವಾಗಿ ಸಂಬಂಧಿಸಿದುದು. ಜರ್ಮನಿಯ ಕುರ್ಟ್ ಟ್ಯಾಂಕ್ ಹಿಂದೂಸ್ಥಾನ್ ಕಾರ್ಖಾನೆಗೆ ಬಂದು ರೂಪಿಸಿದ ಮಾರುತ್ ಜೆಟ್ಟು 1961ರ ಜೂನ್ 17ರಂದು ಇಲ್ಲಿಯೇ ಮೊದಲು ಹಾರಿತು. ಒಟ್ಟು 147 ನಿರ್ಮಾಣವಾದುವು. ಶಬ್ದದ ವೇಗವನ್ನು ಇಮ್ಮಡಿಯಾಗಿ ಮೀರಬೇಕೆಂದು ಕಲ್ಪಿಸಿದ ಈ ವಿಮಾನಕ್ಕೆ 8,000 ಪೌಂಡಿಗೂ ಮಿಕ್ಕ ನೂಕುಬಲದ ಎಂಜಿನುಗಳು ಬೇಕಾಗಿದ್ದುವು; ದೊರೆತವು ತಲಾ 4,850 ಪೌಂಡಿನ ಆರ್ಫಿಯಸ್ ಎಂಜಿನುಗಳು. ದೇಹ ಗರುಡನದು, ಉಸಿರು ಗುಬ್ಬಿಯದು ಎಂಬಂತಾಯಿತು. ಆ ಬಲಹೀನತೆಯೊಡನೆಯೇ ಅದು 1971ರ ಯುದ್ಧದಲ್ಲಿ ಪಶ್ಚಿಮ ಮರುಭೂಮಿಯ ಮೇಲೆ ಕಾದಿತು. ನಾಳೆ ಉತ್ಸಾಹಿ ಧನಿಕರೊಬ್ಬರು ಮಾರುತಕ್ಕೆ ಆಧುನಿಕ ಎಂಜಿನನ್ನು ತೊಡಿಸಿ ಹಾರಿಸಿದರೆ ಚಪ್ಪಾಳೆ ಬೀಳುವುದು ನಿಶ್ಚಯ. ಆದರೆ ಅಂದು ಹಾರುವುದು ಮಾರುತವಲ್ಲ. ಮಾರುತವು ಏನಾಗಬೇಕೆಂದು ಬಯಸಿದ್ದೆವೋ ಅದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮಾರುತವು ಹಾರದಿದ್ದರೂ ಸತ್ಯವನ್ನು ಹೇಳಬಲ್ಲುದು, ಬಣ್ಣ ಬಳಿಯುವವರು ಅದನ್ನು ಹೇಳಗೊಟ್ಟರೆ.

ಈಗ ಇನ್ನೊಂದು ಸಂದರ್ಭ ಎದುರಾಗಿದೆ. 1963ರಿಂದ ಸೇವೆ ಸಲ್ಲಿಸಿದ ಮಿಗ್-21 ವಿಮಾನವನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡಲಾಯಿತು. ಹೀಗೆ ನಿವೃತ್ತವಾದ ವಿಮಾನಗಳು ಊರಿನ ವೃತ್ತಗಳಿಗೆ, ಕಾಲೇಜುಗಳ ಮುಂಬಾಗಿಲಿಗೆ ಸ್ಮಾರಕಗಳಾಗಿ ಬರುವುದು ವಾಡಿಕೆ. ಮಿಗ್-21 ಎಂಬುದು ಒಂದೇ ವಿಮಾನವಲ್ಲ. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ಟು ಸುರಿಸಿದ ಕಾಲದ ಎಫ್‌ಎಲ್ ಮಾದರಿಗೆ ಬೆನ್ನು ತೆಳು, ಒಡಲೊಳಗೆ ಬಂದೂಕಿಲ್ಲ. ಕೊನೆಯವರೆಗೆ ಹಾರಿದ ಬೈಸನ್ನಿಗೆ ಬೆನ್ನು ಉಬ್ಬಿದೆ, ಬಂದೂಕು ಒಡಲಲ್ಲೇ ಇದೆ. ಬೈಸನ್ನಿನ ಮೈಗೆ 1971ರ ವೇಷ ತೊಡಿಸಿ, ಕೆಳಗೆ ಢಾಕಾದ ಕಥೆ ಬರೆದು ನಿಲ್ಲಿಸಿದರೆ ದಾರಿಹೋಕರಾರಿಗೂ ತಿಳಿಯದು.

ಹೀಗಾಗದಿರಲು ಹೆಚ್ಚಿನ ಧನವೇನೂ ಬೇಕಾಗಿಲ್ಲ. ಹಳೆಯ ಬಣ್ಣವನ್ನು ಉಜ್ಜುವ ಮೊದಲು ಅದರ ಪದರಗಳನ್ನೂ ಸಂಖ್ಯೆಗಳನ್ನೂ ಛಾಯಾಚಿತ್ರ ತೆಗೆದಿಡುವುದು, ಒಂದು ಅಂಗೈಯಗಲದ ಜಾಗವನ್ನು ಉಜ್ಜದೆ ಬಿಡುವುದು, ವಿಮಾನದ ಲಾಗ್‌ಬುಕ್ಕಿನ ಪ್ರತಿಯೊಂದನ್ನು ಸ್ಮಾರಕವಿರುವ ಸಂಸ್ಥೆಯ ಗ್ರಂಥಭಂಡಾರದಲ್ಲಿಡುವುದು, ಇಷ್ಟು ಸಾಕು. ಬೆಂಗಳೂರಿನಲ್ಲಿ ಮಾರುತದ ರೆಕ್ಕೆಗಳಿಗೆ ರಿವೆಟ್ಟು ಬಡಿದ ಕಾರ್ಮಿಕರು ಈಗ ಎಂಬತ್ತರ ಆಚೀಚೆಯವರು. ಅವರ ಬಾಯಿಂದ ಕೇಳಿ ಬರೆದುಕೊಳ್ಳುವ ಕೆಲಸವನ್ನು ಯಾವ ಶಾಲೆಯ ಮಕ್ಕಳಾದರೂ ಬರುವ ಬೇಸಗೆಯ ರಜೆಯಲ್ಲಿಯೇ ಕೈಗೊಳ್ಳಬಹುದು.