ಸಹಿ ಹಾಕುವ ಮುನ್ನ

"ಆಪಾ, ಮಗಳು ಕಾಲೇಜಲ್ಲಿ ಎನ್‌ಸಿಸಿ ಸೇರ್ತೀನಿ ಅಂತ ಹಟ ಹಿಡಿದಿದ್ದಾಳೆ. ಸಹಿ ಹಾಕಿದರೆ ನಾಳೆ ಮಿಲಿಟರಿಗೆ ಕರ್ಕೊಂಡು ಹೋಗ್ತಾರಂತೆ, ನಿಜವಾ?"

ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಕುಳಿತಿದ್ದಾಗ ನಮ್ಮ ಮಾಂಬಳ್ಳಿಯ ತಾಯಿಯೊಬ್ಬರು ಫಾರಂ ಹಿಡಿದುಕೊಂಡು ಮನೆಗೆ ಬಂದರು. ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿ ಮಗಳನ್ನು ಬಿ.ಎ. ತರಗತಿಯವರೆಗೆ ತಂದವರು. ಅವರ ಭಯಕ್ಕೆ ನಗುವಂತಿರಲಿಲ್ಲ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಕಷ್ಟಕ್ಕೆ ಸಿಕ್ಕಿದವರನ್ನು ಅವರು ಕಂಡಿದ್ದಾರೆ.

ಸಹೋದರಿಯರೇ, ಈ ಸಂಶಯ ನಿಮ್ಮಲ್ಲೂ ಹಲವರಿಗಿರಬಹುದು. ಎನ್‌ಸಿಸಿ ಹುಟ್ಟಿದ್ದು 1948ರ ಕಾಯ್ದೆಯಿಂದ. ಮರುವರ್ಷವೇ, 1949ರಲ್ಲಿ, ಹುಡುಗಿಯರ ವಿಭಾಗವೂ ಆರಂಭವಾಯಿತು. ಕೆಡೆಟ್ ಆದ ಮಾತ್ರಕ್ಕೆ ಯಾರೂ ಸೈನಿಕ ಸೇವೆಗೆ ಬದ್ಧರಲ್ಲ ಎಂಬುದು ಆ ಕಾಯ್ದೆಯಲ್ಲೇ ಇದೆ. ಚೀನಾ ಯುದ್ಧದ ಬಳಿಕ 1963ರಲ್ಲಿ ಕಾಲೇಜುಗಳಲ್ಲಿ ಇದನ್ನು ಕಡ್ಡಾಯಗೊಳಿಸಲಾಗಿತ್ತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. 2022ರಲ್ಲಿ ಬಂದ ಅಗ್ನಿವೀರ ನೇಮಕಾತಿಯೇ ಬೇರೆ, ಅದು ನಾಲ್ಕು ವರ್ಷಗಳ ಸೈನಿಕ ಸೇವೆ. ಅಮೆರಿಕದ ಕಾಲೇಜುಗಳಲ್ಲಿ ಸೇನಾಧಿಕಾರಿ ತರಬೇತಿಗೆಂದು ವಿದ್ಯಾರ್ಥಿವೇತನ ಪಡೆದವರು ಮುಂದೆ ಸೇನೆಯಲ್ಲಿ ದುಡಿಯಲೇಬೇಕು. ನಮ್ಮ ಎನ್‌ಸಿಸಿಯಲ್ಲಿ ಅಂತಹ ಕರಾರು ಇಲ್ಲ.

ಸೇನೆಯ ಬಾಗಿಲು ಮುಚ್ಚಿದೆ ಎಂದೂ ಅಲ್ಲ. ಕಾಲೇಜಿನಲ್ಲಿ ಎರಡು ವರ್ಷ ಕಳೆದ ಮೇಲೆ 'ಬಿ', ಮೂರನೆಯ ವರ್ಷದಲ್ಲಿ 'ಸಿ' ಸರ್ಟಿಫಿಕೇಟಿನ ಪರೀಕ್ಷೆ ಇರುತ್ತದೆ. 'ಸಿ' ಸರ್ಟಿಫಿಕೇಟನ್ನು ಉತ್ತಮ ದರ್ಜೆಯಲ್ಲಿ ಪಡೆದ ಪದವೀಧರರು, ಹೆಣ್ಣುಮಕ್ಕಳು ಸಹ, ಲಿಖಿತ ಪರೀಕ್ಷೆಯಿಲ್ಲದೆ ಸೇನಾಧಿಕಾರಿ ಹುದ್ದೆಯ ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಹಾಕುವುದೂ ಬಿಡುವುದೂ ಅವರವರ ಇಷ್ಟ.

ಇಷ್ಟು ಹೇಳಿದಾಗ ತಾಯಿಯ ಮುಖ ಅರಳಿತು. ಆದರೆ ಜೊತೆಗಿದ್ದ ಮಗಳು ಮೆಲ್ಲನೆ ಕೇಳಿದಳು: "ಆಪಾ, ನನಗೆ ಟೀಚರ್ ಆಗಬೇಕು. ಸೈನ್ಯಕ್ಕೆ ಹೋಗುವ ಮನಸ್ಸಿಲ್ಲದೆ ಸೇರಿದರೆ ಅದು ಮೋಸ ಆಗಲ್ವಾ?"

ಆ ಪ್ರಶ್ನೆ ಕೇಳಿ ನನಗೆ ಸಂತೋಷವಾಯಿತು. ಇಲ್ಲ ಮಗಳೇ, ಕಾನೂನೇ ಕೇಳದ ಮಾತನ್ನು ನೀನು ಕೊಟ್ಟಿಲ್ಲ, ಹಾಗಾಗಿ ಮೋಸವಿಲ್ಲ. ಶಿಸ್ತು, ಧೈರ್ಯ, ಸೇವಾಭಾವ ಬೆಳೆಸುವುದೂ ಎನ್‌ಸಿಸಿಯ ಉದ್ದೇಶವೇ. 2020ರ ಕೊರೋನಾ ದಿನಗಳಲ್ಲಿ ಸ್ವಯಂಪ್ರೇರಿತರಾಗಿ ಮುಂದೆ ಬಂದ ಕೆಡೆಟ್‌ಗಳು ಜನರ ಸಾಲು ನಿಭಾಯಿಸಿದರು, ಪಡಿತರ ಹಂಚಲು ನೆರವಾದರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಶುಶ್ರೂಷೆಗಾಗಿ ಇರಿಸಿದ್ದು ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ. ಕತ್ತಿ ಹಿಡಿಯದೆಯೂ ಸಮಾಜಕ್ಕೆ ಉಪಕಾರಿಯಾಗಲು ಕಲಿತಿರಬೇಕು.

ಆದರೆ ಮೋಸ ಇನ್ನೊಂದು ಕಡೆಯಿಂದ ಬರಬಹುದು. ಸರ್ಟಿಫಿಕೇಟಿಗೆಂದು ಹೆಸರು ಬರೆಸಿ, ಪೆರೇಡಿಗೆ ಚಕ್ಕರ್ ಹಾಕಿ, ಶಿಬಿರಕ್ಕೆ ಸುಳ್ಳು ನೆಪ ಹೇಳುವುದು. ಮಾಇದಾ ಅಧ್ಯಾಯದ ಆರಂಭದಲ್ಲೇ ಅಲ್ಲಾಹನು ವಿಶ್ವಾಸಿಗಳಿಗೆ ಕರಾರುಗಳನ್ನು ಪಾಲಿಸುವಂತೆ ಆಜ್ಞಾಪಿಸಿದ್ದಾನೆ. ಸೇನೆಯ ಕರಾರು ಇಲ್ಲದಿದ್ದರೂ ಹಾಜರಾತಿಯ ಕರಾರು ಇದೆ. ನಿನ್ನಿಂದಾಗಿ ಸೀಟು ಸಿಗದೆ ಹಿಂದಿರುಗಿದ ಇನ್ನೊಬ್ಬಳ ಹಕ್ಕೂ ಇದೆ.

ತಾಯಂದಿರಿಗೂ ಒಂದು ಮಾತು. ಊರಿನವರ ಮಾತು ಕೇಳಿ ಬೇಡವೆನ್ನಬೇಡಿ, ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಡಿ. ಕಾಲೇಜಿಗೆ ಹೋಗಿ ಎನ್‌ಸಿಸಿ ನೋಡಿಕೊಳ್ಳುವ ಅಧ್ಯಾಪಕರನ್ನು ಕಾಣಿರಿ. ಪೆರೇಡ್ ಯಾವ ದಿನ, ಸಮವಸ್ತ್ರ ಹೇಗಿರುತ್ತದೆ, ತಲೆ ಮುಚ್ಚಿಕೊಳ್ಳಲು ಅವಕಾಶವಿದೆಯೇ, ಶಿಬಿರದಲ್ಲಿ ಹುಡುಗಿಯರ ಜೊತೆ ಯಾವ ಶಿಕ್ಷಕಿ ಇರುತ್ತಾರೆ, ನಮಾಝಿಗೆ ಸಮಯ ಸಿಗುವುದೇ ಎಂದು ಕೇಳಿರಿ. ಕೇಳುವುದರಲ್ಲಿ ಅವಮಾನವಿಲ್ಲ. ಸೇರಿದ ಮೇಲೆ ತಕರಾರು ತೆಗೆಯುವುದಕ್ಕಿಂತ ಮೊದಲೇ ತಿಳಿದು ನಿರ್ಧರಿಸುವುದು ಲೇಸು.

ಆ ತಾಯಿ ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮಗಳ ಜೊತೆ ಬಸ್ಸು ಹತ್ತಿದರು. ಎಲ್ಲವನ್ನೂ ಕೇಳಿ, ಒಪ್ಪಿಗೆಯಾದ ಮೇಲೆಯೇ ಸಹಿ ಹಾಕಿದರಂತೆ. ನಮ್ಮ ಮಕ್ಕಳನ್ನು ಅಲ್ಲಾಹನು ಕೊಟ್ಟ ಮಾತಿಗೆ ನಿಲ್ಲುವವರನ್ನಾಗಿ ಮಾಡಲಿ. ಆಮೀನ್.