ದೆವ್ವದ ಮೇಲೆ ಕೇಸ್ ಹಾಕೋಕಾಗಲ್ಲ

ಮುಂಬೈಯ ತಾಜ್ ಮಹಲ್ ಹೋಟೆಲ್ ಕಥೆಯನ್ನ ನಿಮಗೂ ಯಾರಾದರೂ ಹೇಳಿರ್ತಾರೆ. ಅದನ್ನ ಡಿಸೈನ್ ಮಾಡಿದ ಫಾರಿನ್ ಆರ್ಕಿಟೆಕ್ಟ್ ಪ್ಲಾನ್ ಕೊಟ್ಟು ತನ್ನ ದೇಶಕ್ಕೆ ಹೋದನಂತೆ. ವಾಪಸ್ ಬಂದು ನೋಡಿದ್ರೆ ಕಟ್ಟಡ ಹಿಂದುಮುಂದಾಗಿ ಎದ್ದು ನಿಂತಿತ್ತಂತೆ. ಸಮುದ್ರದ ಕಡೆ ಇರಬೇಕಿದ್ದ ಬಾಗಿಲು ಊರಿನ ಕಡೆ! ಅವಮಾನ ತಡೀಲಾರದೆ ಅದೇ ಕಟ್ಟಡದಿಂದ ಹಾರಿ ಪ್ರಾಣ ಬಿಟ್ಟನಂತೆ. ಈಗಲೂ ರಾತ್ರಿ ಹೊತ್ತು ಹಳೇ ಕಟ್ಟಡದ ಕಾರಿಡಾರಲ್ಲಿ ಓಡಾಡ್ತಾನಂತೆ. ಪೂರ್ತಿ ಅಂತೆ ಕಂತೆಗಳ ಸಂತೆ.

ದಾಖಲೆಯಲ್ಲಿ ಇರೋದು ಬೇರೆ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕಾರಣರಾದ ಅದೇ ಜಮ್‌ಶೆಟ್‌ಜಿ ಟಾಟಾ ಈ ಹೋಟೆಲನ್ನೂ ಕಟ್ಟಿಸಿದ್ದು. ಮೊದಲು ಡಿಸೈನ್ ಮಾಡಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ಅನ್ನೋ ಇಬ್ಬರು ಭಾರತೀಯರು. ವೈದ್ಯ ಅವರು 1900ರಲ್ಲಿ ಮಲೇರಿಯಾ ಬಂದು ತೀರಿಕೊಂಡರು. ಆಮೇಲೆ ಡಬ್ಲ್ಯು.ಎ. ಚೇಂಬರ್ಸ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಕೆಲಸ ಮುಗಿಸಿದರು. 1903ರ ಡಿಸೆಂಬರ್ 16ಕ್ಕೆ ಹೋಟೆಲ್ ಶುರುವಾಯ್ತು. ಇನ್ನು ಬಾಗಿಲಿನ ವಿಷಯ. ಎದುರಿಗಿರೋ ಗೇಟ್‌ವೇ ಆಫ್ ಇಂಡಿಯಾ ಪೂರ್ತಿಯಾಗಿದ್ದೇ 1924ರಲ್ಲಿ. ಹೋಟೆಲ್ ಕಟ್ಟುವಾಗ ಅತಿಥಿಗಳು ಕುದುರೆ ಗಾಡಿಯಲ್ಲಿ ಊರಿನ ಕಡೆಯಿಂದ ಬರೋರು, ಬಾಗಿಲು ಆ ಕಡೆ ಇತ್ತು. ಸಮುದ್ರದ ಗಾಳಿ, ನೋಟ ಎರಡೂ ರೂಮುಗಳಿಗೆ ಸಿಕ್ತಿತ್ತು. ಇದರಲ್ಲಿ ಹಿಂದುಮುಂದಾಗಿದ್ದು ಏನೂ ಇಲ್ಲ.

ಈಗ ಲೆಕ್ಕ ಹಾಕಿ. ಹಾರಿ ಸಾಯದೇ ಇದ್ದ ಒಬ್ಬ ವಿದೇಶಿ ದೆವ್ವವಾಗಿ ಫೇಮಸ್ ಆದ. ಕೆಲಸದ ನಡುವೆ ನಿಜವಾಗಿ ಸತ್ತ ಸೀತಾರಾಮ್ ವೈದ್ಯ ಅವರ ಹೆಸರು ಯಾರ ಬಾಯಲ್ಲೂ ಇಲ್ಲ. ಒಂದು ದೆವ್ವ ಹುಟ್ಟಿತು, ಒಬ್ಬ ಮನುಷ್ಯ ಮಾಯವಾದ.

ನಮ್ಮ ವಾದ ಇಷ್ಟೇ. ಹಳೇ ಹೋಟೆಲ್‌ಗಳ ದೆವ್ವದ ಕಥೆ ಕೇಳೋದು ತಪ್ಪಲ್ಲ. ನಮಗೂ ಇಷ್ಟಾನೇ, ಕರೆಂಟ್ ಹೋದ ರಾತ್ರಿ ಹಾಸ್ಟೆಲಲ್ಲಿ ಅದಕ್ಕಿಂತ ಒಳ್ಳೆ ಟೈಂಪಾಸ್ ಇನ್ನೊಂದಿಲ್ಲ. ಆದರೆ ಈ ಕಥೆಗಳು ಸದ್ದಿಲ್ಲದೆ ಒಂದು ಕೆಲಸ ಮಾಡ್ತವೆ. ಸಾವಿಗೆ ಕಾರಣ ಆದವರನ್ನ ಹಿಂದಿನ ಬಾಗಿಲಿಂದ ಆಚೆ ಕಳಿಸಿ, ಸತ್ತವರನ್ನೇ ವಿಲನ್ ಮಾಡಿ ನಿಲ್ಲಿಸಿಬಿಡ್ತವೆ. ನಾವು ಸತ್ತವರಿಗೆ ಹೆದರಿಕೊಂಡು ಕೂರ್ತೀವಿ. ಕೊಂದಿದ್ದು ಏನು ಅಂತ ಕೇಳೋದೇ ಇಲ್ಲ.

ಇದಕ್ಕೆ ಅಮೆರಿಕದ ಅಟ್ಲಾಂಟಾ ನಗರದ ವೈನ್‌ಕಾಫ್ ಹೋಟೆಲಿಗಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ. ಈಗ ಅದರ ಹೆಸರು ಎಲ್ಲಿಸ್ ಹೋಟೆಲ್. 'ದೆವ್ವ ಇರೋ ಹೋಟೆಲ್‌ಗಳು' ಅನ್ನೋ ಪಟ್ಟಿಗಳಲ್ಲಿ ಕಾಣಿಸ್ಕೊಳ್ಳುತ್ತೆ. ಕಾರಿಡಾರಲ್ಲಿ ಯಾರೋ ಓಡೋ ಸದ್ದು, ಎಲ್ಲಿಂದಲೋ ಕಿರುಚಾಟ, ಹೊಗೆ ವಾಸನೆ, ನಡುರಾತ್ರಿ ತಾನಾಗೇ ಹೊಡ್ಕೊಳ್ಳೋ ಫೈರ್ ಅಲಾರಂ.

ಆ ಕಟ್ಟಡ ಎದ್ದಿದ್ದು 1913ರಲ್ಲಿ. 15 ಮಹಡಿ. ಜಾಹೀರಾತಿನಲ್ಲಿ 'ಫೈರ್‌ಪ್ರೂಫ್' ಅಂತಲೇ ಹೇಳ್ಕೊಳ್ತಿದ್ರು. 1946ರ ಡಿಸೆಂಬರ್ 7ರ ಬೆಳಗಿನ ಜಾವ, ಊರೆಲ್ಲ ಮಲಗಿದ್ದಾಗ, ಮೂರನೇ ಮಹಡಿಯ ಕಾರಿಡಾರಲ್ಲಿ ಬೆಂಕಿ ಹತ್ತಿಕೊಂಡಿತು. ಬೆಳಗಾಗೋ ಹೊತ್ತಿಗೆ 119 ಜನ ಸತ್ತಿದ್ದರು. ಯುವಜನರ ಸಮಾವೇಶಕ್ಕೆ ಅಂತ ಬೇರೆ ಬೇರೆ ಊರುಗಳಿಂದ ಬಂದಿದ್ದ ಹೈಸ್ಕೂಲ್ ಮಕ್ಕಳೂ ಅದರಲ್ಲಿದ್ದರು. ಕಟ್ಟಡ ಕಟ್ಟಿಸಿದ ವೈನ್‌ಕಾಫ್ ದಂಪತಿ ಅಲ್ಲೇ ವಾಸವಾಗಿದ್ದರು, ಅವರೂ ಸತ್ತರು.

ಬೆಂಕಿ ಹೇಗೆ ಶುರುವಾಯ್ತು ಅನ್ನೋದು ಕೊನೆಗೂ ಇತ್ಯರ್ಥ ಆಗಲಿಲ್ಲ. ಆದರೆ ಅಷ್ಟು ಜನ ಯಾಕೆ ಸತ್ತರು ಅನ್ನೋದರಲ್ಲಿ ಯಾವ ನಿಗೂಢವೂ ಇಲ್ಲ. 15 ಮಹಡಿಗೆ ಇದ್ದಿದ್ದು ಒಂದೇ ಮೆಟ್ಟಿಲು. ಅದೂ ಕಟ್ಟಡದ ನಡುವೆ, ಬೆಂಕಿ ತಡೆಯೋ ಬಾಗಿಲಿಲ್ಲದೆ ತೆರೆದಿತ್ತು. ಹೊರಗಿನ ಗೋಡೆಗೆ ತುರ್ತು ಮೆಟ್ಟಿಲು ಇರಲಿಲ್ಲ. ನೀರು ಚಿಮ್ಮಿಸೋ ಸ್ಪ್ರಿಂಕ್ಲರ್ ಇರಲಿಲ್ಲ. ಮಲಗಿದ್ದವರನ್ನ ಎಬ್ಬಿಸೋಕೆ ಫೈರ್ ಅಲಾರಂ ಕೂಡ ಇರಲಿಲ್ಲ.

ಬಿಸಿ ಗಾಳಿ ಹಗುರ, ಅದು ಮೇಲಕ್ಕೆ ಹೋಗುತ್ತೆ. ಇದನ್ನ ನಾವು ಸ್ಕೂಲಲ್ಲೇ ಓದಿದೀವಿ. ಉದ್ದನೆಯ ಕೊಳವೆ ಇದ್ದರೆ ಇನ್ನೂ ಜೋರಾಗಿ ಹೋಗುತ್ತೆ, ಕೆಳಗಿನಿಂದ ಹೊಸ ಗಾಳಿಯನ್ನ ಎಳ್ಕೊಳ್ಳುತ್ತೆ. ಅಡುಗೆಮನೆ ಚಿಮಣಿ ಕೆಲಸ ಮಾಡೋದೂ ಹೀಗೇ. ವೈನ್‌ಕಾಫ್ ಹೋಟೆಲಿನ ಆ ಮೆಟ್ಟಿಲು ಅವತ್ತು 15 ಮಹಡಿ ಎತ್ತರದ ಚಿಮಣಿ ಆಯ್ತು. ಜನ ಇಳಿದು ಓಡಬೇಕಿದ್ದ ದಾರಿಯಲ್ಲೇ ಬೆಂಕಿ, ಹೊಗೆ ಹತ್ತಿ ಬಂತು. ರೂಮಿನ ಬಾಗಿಲುಗಳು ಮರದವು. ಬಾಗಿಲ ಮೇಲೆ ಗಾಳಿಗೆ ಅಂತ ಇಟ್ಟಿದ್ದ ಸಣ್ಣ ಕಿಟಕಿಗಳಿಂದ ಬೆಂಕಿ ಸೀದಾ ಒಳಗೆ ನುಗ್ಗಿತು. ಅಗ್ನಿಶಾಮಕ ದಳದವರು ಬೇಗನೇ ಬಂದರು, ಆದರೆ ಅವರ ಏಣಿ ಮೇಲಿನ ಮಹಡಿಗಳಿಗೆ ಎಟುಕಲಿಲ್ಲ. ಜನ ಬೆಡ್‌ಶೀಟ್ ಗಂಟು ಹಾಕಿ ಇಳಿಯೋಕೆ ನೋಡಿದರು. ಹಾಗೆ ಬಿದ್ದು, ಇಲ್ಲಾ ಹಾರಿ ಸತ್ತವರೇ 30ಕ್ಕೂ ಹೆಚ್ಚು.

ಫೈರ್‌ಪ್ರೂಫ್ ಅಂದಿದ್ದು ಸುಳ್ಳಾ ಅಂತ ಕೇಳಿದ್ರೆ, ಅದೇ ಇಲ್ಲಿ ಹೊಟ್ಟೆ ಉರಿಯೋ ವಿಷಯ. ಕಟ್ಟಡದ ಕಂಬ, ತೊಲೆ, ಗೋಡೆ ಬೀಳಲಿಲ್ಲ. ಇವತ್ತಿಗೂ ಅದೇ ಕಟ್ಟಡದಲ್ಲಿ ಹೋಟೆಲ್ ನಡೀತಿದೆ. ಕಟ್ಟಡಕ್ಕೆ ಏನೂ ಆಗದ ಹಾಗೆ ಯೋಚನೆ ಮಾಡಿದ್ದರು, ಒಳಗಿರೋ ಜನ ಹೊರಗೆ ಹೇಗೆ ಬರ್ತಾರೆ ಅಂತ ಯೋಚನೆ ಮಾಡಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಶಿಕಾಗೋದ ಲಾ ಸಾಲ್ ಹೋಟೆಲಲ್ಲಿ ಬೆಂಕಿ ಬಿದ್ದು 61 ಜನ ಸತ್ತಿದ್ದರು. ಅಲ್ಲೂ ತೆರೆದ ಮೆಟ್ಟಿಲುಗಳ ಮೂಲಕವೇ ಹೊಗೆ ಮೇಲೇರಿತ್ತು. ಪಾಠ ಆರು ತಿಂಗಳ ಮೊದಲೇ ಆಗಿತ್ತು. ಓದೋರು ಇರಲಿಲ್ಲ.

ಅವತ್ತು ರಾತ್ರಿ ಅಲ್ಲಿಗೆ ಕ್ಯಾಮೆರಾ ಹಿಡ್ಕೊಂಡು ಓಡಿದ್ದು ಅರ್ನಾಲ್ಡ್ ಹಾರ್ಡಿ, ಜಾರ್ಜಿಯಾ ಟೆಕ್‌ನಲ್ಲಿ ಓದ್ತಿದ್ದವರು. ಅಂದ್ರೆ ನಮ್ಮ ಥರಾನೇ ಒಂದು ಟೆಕ್ನಿಕಲ್ ಕಾಲೇಜಿನ ವಿದ್ಯಾರ್ಥಿ. ಕೊನೇ ಫ್ಲಾಶ್ ಬಲ್ಬಲ್ಲಿ, ಮೇಲಿಂದ ಬೀಳ್ತಿದ್ದ ಒಬ್ಬ ಹೆಂಗಸಿನ ಫೋಟೊ ತೆಗೆದರು. ಆ ಹೆಂಗಸು ಬದುಕಿಕೊಂಡರು. ಫೋಟೊಗೆ 1947ರಲ್ಲಿ ಪುಲಿಟ್ಜರ್ ಬಂತು. ಅದೇ ವರ್ಷ ಅಧ್ಯಕ್ಷ ಟ್ರೂಮನ್ ಬೆಂಕಿ ತಡೆಯೋ ಬಗ್ಗೆ ರಾಷ್ಟ್ರೀಯ ಸಮ್ಮೇಳನ ಕರೆದರು, ನಿಯಮಗಳು ಬಿಗಿಯಾದವು. ಜನರ ಜೀವ ಉಳಿಸೋ ಬದಲಾವಣೆ ತಂದಿದ್ದು ಒಂದು ಫೋಟೊ, ಸತ್ತವರ ಲೆಕ್ಕ ಮತ್ತು 'ಇನ್ನೊಂದು ಮೆಟ್ಟಿಲು ಯಾಕಿರಲಿಲ್ಲ' ಅನ್ನೋ ಪ್ರಶ್ನೆ.

ಈಗ ಆ ದೆವ್ವದ ಅಲಾರಂ ಕಥೆಗೆ ವಾಪಸ್ ಬನ್ನಿ. ನಡುರಾತ್ರಿ ತಾನಾಗೇ ಹೊಡ್ಕೊಳ್ಳುತ್ತಂತೆ. ಕೇಳೋಕೆ ಮೈ ಜುಂ ಅನ್ಸುತ್ತೆ. ಆದರೆ ಹೊಡೀಲೇಬೇಕಿದ್ದ ಆ ರಾತ್ರಿ ಅಲ್ಲಿ ಅಲಾರಂ ಇರಲೇ ಇಲ್ಲ. ನಮಗೆ ಇದಕ್ಕಿಂತ ಭಯ ಹುಟ್ಟಿಸೋ ಸಾಲು ಯಾವ ದೆವ್ವದ ಕಥೆಯಲ್ಲೂ ಸಿಕ್ಕಿಲ್ಲ.

ಇನ್ನೊಂದು ಹೋಟೆಲ್ ನಿಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತು. ಲಾಸ್ ಏಂಜಲೀಸಿನ ಸೆಸಿಲ್. ನೆಟ್‌ಫ್ಲಿಕ್ಸಲ್ಲಿ 2021ರಲ್ಲಿ ಅದರ ಮೇಲೆ ಸೀರೀಸೇ ಬಂತು. 2013ರಲ್ಲಿ ಅಲ್ಲಿ ಉಳಿದುಕೊಂಡಿದ್ದ ಕೆನಡಾದ 21 ವರ್ಷದ ವಿದ್ಯಾರ್ಥಿನಿ ಕಾಣೆಯಾದಳು, ಆಮೇಲೆ ಹೋಟೆಲಿನ ಮೇಲಿನ ನೀರಿನ ಟ್ಯಾಂಕಲ್ಲಿ ಶವ ಸಿಕ್ತು. ಲಿಫ್ಟ್ ಒಳಗೆ ಅವಳು ವಿಚಿತ್ರವಾಗಿ ಆಡ್ತಿದ್ದ ಸಿಸಿಟಿವಿ ವಿಡಿಯೊ ಜಗತ್ತೆಲ್ಲ ಓಡಾಡ್ತು. ಅವಳ ಹೆಸರನ್ನ ಈಗಾಗಲೇ ಸಾಕಷ್ಟು ಎಳೆದಾಡಿದಾರೆ, ನಾವು ಬರೆಯಲ್ಲ. ಯಾರೋ ಕಾಣದವರ ಜೊತೆ ಮಾತಾಡ್ತಿದ್ದಾಳೆ ಅಂದರು, ಲಿಫ್ಟ್ ಬಾಗಿಲು ಮುಚ್ಚದಿರೋದೇ ದೆವ್ವದ ಸಾಕ್ಷಿ ಅಂದರು. ಬಾಗಿಲನ್ನ ಹಿಡಿದಿಡೋ ಬಟನ್ ಅನ್ನೋದು ಒಂದಿರುತ್ತೆ, ಅದನ್ನ ಒತ್ತಿದ್ದಿರಬಹುದು ಅಂತ ಲಿಫ್ಟ್ ಬಳಸೋ ಯಾರಿಗಾದರೂ ಹೊಳೀಬೇಕಿತ್ತು. ಅಧಿಕೃತ ಮರಣ ತನಿಖೆ ಅದನ್ನ ಆಕಸ್ಮಿಕ ಸಾವು ಅಂತ ಹೇಳಿತು. ಅವಳಿಗಿದ್ದ ಬೈಪೋಲಾರ್ ಕಾಯಿಲೆ ಕೂಡ ಒಂದು ಕಾರಣ ಅಂತ ದಾಖಲಿಸಿತು. ಅಂದ್ರೆ ಕಾಯಿಲೆ ಜೋರಾಗಿದ್ದ ಒಂದು ಹುಡುಗಿ, ಗೊತ್ತಿಲ್ಲದ ಊರಲ್ಲಿ ಒಬ್ಬಳೇ ಇದ್ದಳು. ಅಷ್ಟು ಜನ ಆ ವಿಡಿಯೊ ನೋಡಿ ಅದರಲ್ಲಿ ದೆವ್ವ ಹುಡುಕಿದರು. ಹುಷಾರಿಲ್ಲದ ಹುಡುಗಿಯನ್ನ ನೋಡಿದವರು ಕಡಿಮೆ. ಸಾಲದು ಅಂತ, ಏನೂ ಸಂಬಂಧ ಇಲ್ಲದ ಒಬ್ಬ ಸಂಗೀತಗಾರನನ್ನ ಕೊಲೆಗಾರ ಅಂತ ಆನ್‌ಲೈನಲ್ಲೇ ತೀರ್ಮಾನ ಮಾಡಿ ಕಾಡಿದರು.

ನಮ್ಮ ರೂಮ್‌ಮೇಟ್ ಮೂರು ದಿನ ನಿದ್ದೆ ಮಾಡದೆ ಒಬ್ಬನೇ ಮಾತಾಡ್ಕೊಂಡು ಓಡಾಡಿದರೆ ನಮಗೆ ಮೊದಲು ಏನು ಹೊಳೆಯುತ್ತೆ? ವಿಡಿಯೊ ಮಾಡೋದಾ, ಇಲ್ಲಾ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋದಾ? ಸೆಸಿಲ್ ಹೋಟೆಲ್ ಕಥೆ ಕೇಳಬೇಕಾದ ಪ್ರಶ್ನೆ ಇದು.

ನಮ್ಮ ವಾದಕ್ಕೆ ಒಂದು ಒಳ್ಳೆ ಎದುರುವಾದ ಇದೆ, ಅದನ್ನೂ ಹೇಳ್ತೀವಿ. ದೆವ್ವದ ಕಥೆ ಇಲ್ಲದೇ ಇದ್ದಿದ್ರೆ ವೈನ್‌ಕಾಫ್ ಹೆಸರು ನಮ್ಮ ಕಿವಿಗೆ ಬೀಳ್ತಾನೇ ಇರಲಿಲ್ಲ, ಸತ್ತವರನ್ನ ನೆನಪಿಡೋಕೆ ಜನರಿಗೆ ಗೊತ್ತಿರೋ ದಾರಿ ಇದೊಂದೇ ಅಂತ. ಅರ್ಧ ನಿಜ. ಕಥೆ ನಮ್ಮನ್ನ ಬಾಗಿಲ ತನಕ ಕರ್ಕೊಂಡು ಹೋಗುತ್ತೆ. ಆದರೆ ನೆನಪಿಡೋಕೆ ಬೇರೆ ದಾರೀನೂ ಇದೆ, ಅದಕ್ಕೆ ತಾಜ್ ಹೋಟೆಲೇ ಸಾಕ್ಷಿ. 2008ರ ನವೆಂಬರ್ 26ರ ದಾಳಿಯಲ್ಲಿ ಅಲ್ಲಿ ಅತಿಥಿಗಳು ಸತ್ತರು, ಅವರನ್ನ ಉಳಿಸೋಕೆ ನಿಂತ ಹೋಟೆಲ್ ನೌಕರರೂ ಸತ್ತರು. ನಮ್ಮ ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅದೇ ಹೋಟೆಲಿನೊಳಗೆ ಹೋರಾಡ್ತಾ ಪ್ರಾಣ ಕೊಟ್ಟರು. ಅವರ ದೆವ್ವ ಅಲ್ಲಿ ಓಡಾಡುತ್ತೆ ಅಂತ ಯಾರಾದರೂ ಹೇಳಿದರೆ ನಾವು ಬೈದು ಬಾಯಿ ಮುಚ್ಚಿಸ್ತೀವಿ. ಯಾಕಂದ್ರೆ ಅವರ ಹೆಸರು, ಮುಖ, ಅಪ್ಪ ಅಮ್ಮ ಎಲ್ಲ ನಮಗೆ ಗೊತ್ತು. ಯಲಹಂಕದಲ್ಲಿ ಅವರ ಹೆಸರಿನ ರಸ್ತೆ ಇದೆ. ಹೆಸರು ಗೊತ್ತಿರೋ ಸಾವು ದೆವ್ವ ಆಗಲ್ಲ. ಹೆಸರು ಮರೆತವರನ್ನ ಮಾತ್ರ ನಾವು ದೆವ್ವ ಮಾಡ್ತೀವಿ.

ಇದೆಲ್ಲ ಎಲ್ಲೋ ಅಟ್ಲಾಂಟಾದ ಕಥೆ ಅನ್ಕೋಬೇಡಿ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಹತ್ತಿತು. ಅದು ಹೋಟೆಲಲ್ಲ, ಆಫೀಸುಗಳಿದ್ದ ಕಟ್ಟಡ. ಆದರೆ ಕಥೆ ಅದೇ. ಹೊಗೆ ಮೇಲೇರಿತು, ಜನ ಮೇಲೆ ಸಿಕ್ಕಿಹಾಕ್ಕೊಂಡರು, ಗಾಜು ಒಡೆದು ಹಾರಿದರು. 9 ಜನ ಸತ್ತರು. ಅವರ ಮನೆಯವರು ಅಳ್ತಾ ಕೂರಲಿಲ್ಲ, 'ಬಿಯಾಂಡ್ ಕಾರ್ಲ್‌ಟನ್' ಅಂತ ಸಂಘಟನೆ ಕಟ್ಟಿ ಬೆಂಕಿ ಸುರಕ್ಷತೆಗೋಸ್ಕರ ಕೆಲಸ ಮಾಡಿದರು. ಅಲ್ಲಿ ದೆವ್ವ ಇದೆ ಅಂತ ರೀಲ್ ಮಾಡೋದಕ್ಕಿಂತ ಅದು ಸಾವಿರ ಪಾಲು ಮೇಲು.

ಈಗ ನಾವು ಮಲಗೋ ಜಾಗಗಳನ್ನ ನೋಡಿ. ನಮ್ಮಲ್ಲಿ ಅರ್ಧಕ್ಕರ್ಧ ಜನ ಪಿಜಿಯಲ್ಲಿ ಇದೀವಿ. ಐದು ಮಹಡಿ, ಒಂದೇ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ಸಾಲಾಗಿ ಬೈಕು, ಚಾರ್ಜಿಗೆ ಹಾಕಿರೋ ಎಲೆಕ್ಟ್ರಿಕ್ ಸ್ಕೂಟರ್, ಪಕ್ಕದಲ್ಲೇ ಕರೆಂಟ್ ಮೀಟರ್‌ಗಳು. ಎಲ್ಲಾ ಕಿಟಕಿಗೂ ಗ್ರಿಲ್. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ಕೀ ವಾರ್ಡನ್ ಹತ್ತಿರ, ವಾರ್ಡನ್ ಎಲ್ಲಿ ಮಲಗಿರ್ತಾರೋ ದೇವರಿಗೇ ಗೊತ್ತು. ಹುಡುಗೀರ ಪಿಜಿಗಳಲ್ಲಿ ಟೆರೇಸ್ ಬಾಗಿಲಿಗೂ ಬೀಗ, ಅದಕ್ಕೆ 'ಸೇಫ್ಟಿ' ಅಂತ ಹೆಸರು. ವೈನ್‌ಕಾಫ್ ಹೋಟೆಲಿನವರೂ ಫೈರ್‌ಪ್ರೂಫ್ ಅಂತ ಹೆಸರಿಟ್ಟಿದ್ದರು.

ಹಾಗಾಗಿ ಇದನ್ನ ಓದಿದ ಮೇಲೆ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ನಿಮ್ಮ ರೂಮಿಂದ ಹೊರಗೆ ಬನ್ನಿ. ದಿನಾ ಇಳಿಯೋ ಮೆಟ್ಟಿಲು ಇಲ್ಲ ಅಂದ್ಕೊಂಡು, ಬೀದಿಗೆ ಹೋಗೋಕೆ ಇನ್ನೊಂದು ದಾರಿ ಹುಡುಕಿ. ಇದ್ದರೆ ಅದಕ್ಕೆ ಬೀಗ ಇದೆಯಾ, ಹಳೇ ಮಂಚ ಪೇರಿಸಿದಾರಾ ನೋಡಿ. ಗೋಡೆಗೆ ನೇತುಹಾಕಿರೋ ಕೆಂಪು ಸಿಲಿಂಡರಿನ ಡೇಟ್ ಓದಿ. ಸಿವಿಲ್ ಬ್ರಾಂಚಿನವರು ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ನಾಲ್ಕನೇ ಭಾಗ ತೆಗೆದು ಬೇರೆಯವರಿಗೆ ಅರ್ಥ ಮಾಡಿಸಿ, ಅದು ಪೂರ್ತಿ ಬೆಂಕಿಯಿಂದ ಜೀವ ಉಳಿಸೋದರ ಬಗ್ಗೇನೇ ಇದೆ. ಆಮೇಲೆ ನಾಲ್ಕು ಜನ ಸಹಿ ಹಾಕಿ ಓನರಿಗೋ ವಾರ್ಡನಿಗೋ ಅರ್ಜಿ ಕೊಡಿ.

ಅರ್ಜಿಗೆ ಏನು ಉತ್ತರ ಬರುತ್ತೆ ಅಂತ ನಮಗೂ ಗೊತ್ತು. 1990ರ ದಶಕದಲ್ಲಿ ನಮ್ಮ ಕಡೆ ಒಂದು ದೆವ್ವದ ಗಾಳಿಮಾತು ಹಬ್ಬಿತ್ತು, ಅಪ್ಪ ಅಮ್ಮನ್ನ ಕೇಳಿ ನೋಡಿ. ಅದು ರಾತ್ರಿ ಬಂದು, ಗೊತ್ತಿರೋರ ದನಿಯಲ್ಲಿ ಬಾಗಿಲ ಹತ್ತಿರ ಕೂಗ್ತಿತ್ತಂತೆ. ಅದಕ್ಕೇ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದರು. ದೆವ್ವ ಓದಿಕೊಂಡು ವಾಪಸ್ ಹೋಗ್ತಿತ್ತಂತೆ, ಮಾರನೇ ದಿನ ಬಂದು ಮತ್ತೆ ಓದಿಕೊಂಡು ಹೋಗ್ತಿತ್ತಂತೆ. ನಮ್ಮ ಊರಲ್ಲಿ ಫೈರ್ ಸೇಫ್ಟಿ ಅರ್ಜಿಗಳ ಮೇಲೆಲ್ಲ ಇವತ್ತಿಗೂ ಇದೇ ಎರಡು ಪದ ಬರೆದಿದೆ.

ದೆವ್ವ ಪಾಪ, ಕನ್ನಡ ಓದಿ ಮರ್ಯಾದೆಯಿಂದ ವಾಪಸ್ ಹೋಗ್ತಿತ್ತು. ಬೆಂಕಿಗೆ ಓದೋಕೆ ಬರಲ್ಲ.